ಪುಸ್ತಕದ ಗುಂಪಿನ ಮಕ್ಕಳು

ಐರಿನ್ ಬಾಯಿ, ಆ ಕೋಣೆಯ ಬೀಗ ತೆಗೆದು ಪುಸ್ತಕದ ಗುಂಪಿನ ಮಕ್ಕಳಿಗೆ ಕಂಪ್ಯೂಟರಿನ ಪಾಠ ತೋರಿಸಿದವಳು ನಾನು. ನೀವು ಬಂದು ಕೇಳಿದಾಗ ಇಲ್ಲ ಎಂದು ಸುಳ್ಳು ಹೇಳಿದವಳೂ ನಾನೇ.

ನಾನು ಕಮಲ. ಉಚ್ಚಿಲದ ಹತ್ತಿರದ ಶಾಲೆಯಲ್ಲಿ ಗುಡಿಸಿ ಒರೆಸುತ್ತಿದ್ದ ಆಯಾ. ನಿಮಗೆ ಗೊತ್ತಿದ್ದದ್ದನ್ನೂ ಮೊದಲಿನಿಂದ ಹೇಳುತ್ತೇನೆ. ಅರ್ಧ ಹೇಳಿದರೆ ಅದೂ ಒಂದು ಸುಳ್ಳಾಗುತ್ತದೆ.

ನೀವು ಆಗ ಪಿಎಚ್‌ಡಿ ಮಾಡುತ್ತಿದ್ದಿರಿ. ಮಣಿಪಾಲದಿಂದ ಬಸ್ಸಿನಲ್ಲಿ ಬರುತ್ತಿದ್ದಿರಿ. ಚಿತ್ರ ಓಡುವ, ಮಾತು ಕೇಳುವ ಪಾಠವನ್ನು ಕಂಪ್ಯೂಟರಿನಲ್ಲಿ ನೋಡಿದ ಮಕ್ಕಳು ಹೆಚ್ಚು ಕಲಿಯುತ್ತಾರಾ, ಬರೀ ಪುಸ್ತಕ ಓದಿದವರು ಹೆಚ್ಚು ಕಲಿಯುತ್ತಾರಾ — ಅದನ್ನು ನೋಡುವುದು ನಿಮ್ಮ ಕೆಲಸ. ಬೆನ್ನು ಉಬ್ಬಿದ ದೊಡ್ಡ ಕಂಪ್ಯೂಟರುಗಳು ಟೆಂಪೋದಲ್ಲಿ ಬಂದವು. ಹೃದಯದ ಪಾಠ. ಕೆಂಪು ರಕ್ತ ಒಂದು ಕಡೆಯಿಂದ, ನೀಲಿ ರಕ್ತ ಒಂದು ಕಡೆಯಿಂದ ಓಡುತ್ತಿತ್ತು. ಚಿತ್ರ ನೀವೇ ಮಾಡಿದ್ದು, ಒಳಗಿನ ಸ್ವರವೂ ನಿಮ್ಮದೇ.

ಏಳನೇ ಕ್ಲಾಸಿನ ಮಕ್ಕಳು ಒಬ್ಬೊಬ್ಬರಾಗಿ ಬಂದು ಪಾತ್ರೆಯಿಂದ ಚೀಟಿ ಎತ್ತಿದರು. ಕೆಲವರಿಗೆ ಕಂಪ್ಯೂಟರ್ ಬಂತು, ಕೆಲವರಿಗೆ ಪುಸ್ತಕ. ನೀವು ಕಂಪ್ಯೂಟರ್ ಕೋಣೆಯ ಬೀಗದ ಕೈ ನನಗೆ ಕೊಟ್ಟಿರಿ.

"ಕಮಲಕ್ಕ, ಈ ರೂಮ್ ನಿಮ್ಮ ಜವಾಬ್ದಾರಿ. ಪುಸ್ತಕದ ಮಕ್ಕಳು ಒಂದು ಸಲ ಸಹ ಇದನ್ನು ನೋಡ್ಬಾರ್ದು."

"ಅವರೆಂತ ಪಾಪ ಮಾಡಿದ್ದಾರೆ ಬಾಯಿ?"

"ಪಾಪ ಅಲ್ಲ ಮಾರಾಯ್ರೆ! ಎಲ್ಲರೂ ನೋಡಿದ್ರೆ ವ್ಯತ್ಯಾಸ ಉಂಟಾ ಇಲ್ವಾ ಅಂತ ಹೇಗೆ ಗೊತ್ತಾಗುವುದು? ಪರೀಕ್ಷೆ ಮುಗೀಲಿ, ಆಮೇಲೆ ಎಲ್ಲರಿಗೂ ತೋರಿಸ್ತೇನೆ. ಪ್ರಯೋಜನ ಉಂಟು ಅಂತ ಆದ್ರೆ ಕಂಪ್ಯೂಟರ್ ಎಲ್ಲ ಇಲ್ಲಿಯೇ ಬಿಡುವುದು. ನಮ್ಮ ಗೈಡ್ ಸರ್ ಒಪ್ಪಿದ್ದಾರೆ."

ಆಮೇಲೆ! ದೊಡ್ಡವರ ಬಾಯಿಂದ ಬಂದ 'ಆಮೇಲೆ' ನನ್ನ ಆಯುಷ್ಯದಲ್ಲಿ ಒಂದೂ ಕೈಗೆ ಸಿಕ್ಕಿರಲಿಲ್ಲ. ನಿಮ್ಮದನ್ನೂ ನಾನು ಅದೇ ಲೆಕ್ಕಕ್ಕೆ ಹಾಕಿದೆ. ನಮ್ಮಲ್ಲಿ ಮನೆ ತುಂಬ ಮಕ್ಕಳಿದ್ದು ಇರುವುದು ಒಂದೇ ಬಂಗುಡೆ ಮೀನಾದರೂ ಹರಿದು ಎಲ್ಲರ ಬಟ್ಟಲಿಗೆ ಹಾಕುತ್ತಾರೆ. ಕೆಲವರಿಗೆ ಬಡಿಸಿ ಉಳಿದವರು ನೋಡುತ್ತಾ ಕೂರುವ ಹಾಗೆ ಮಾಡುವುದಿಲ್ಲ. ನೀವು ಓದಿದವರು, ಇಷ್ಟೂ ಗೊತ್ತಿಲ್ಲವಲ್ಲ ಎಂದುಕೊಂಡೆ.

ಪುಸ್ತಕದ ಗುಂಪಿನಲ್ಲಿ ರೇಣವ್ವ ಇದ್ದಳು. ಕಲ್ಲು ಕಟ್ಟುವ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರ ಮಗಳು. ಕಂಪ್ಯೂಟರಿನ ಗುಂಪಿನವರು ಅವಳಿಗೆ ತಮಾಷೆ ಮಾಡುತ್ತಿದ್ದರು: "ನಿನಗೆ ಹೃದಯ ನೋಡ್ಬೇಕಾದ್ರೆ ಕೋಳಿ ಅಂಗಡಿಗೆ ಹೋಗು ಮಾರಾಯ್ತಿ!" ಅವಳು ನನ್ನ ಹತ್ತಿರ ಬಂದು ನಿಂತಳು. ಅವರ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ, ನನ್ನನ್ನೂ ಹಾಗೆಯೇ ಕರೆಯುತ್ತಿದ್ದಳು.

"ಆಯಿ, ನಮ್ಮನ್ನ ಯಾಕ ಒಳಗ ಬಿಡಂಗಿಲ್ಲ? ನಾವೇನು ಮುರದು ಹಾಕ್ತೀವೇನು?"

ಕನಿಕರದಿಂದ ಬಾಗಿಲು ತೆಗೆದೆ ಎಂದರೆ ಚೆಂದ ಕೇಳುತ್ತದೆ. ಆದರೆ ನನಗೆ ಬಂದದ್ದು ಸಿಟ್ಟು — ನಿಮ್ಮ ಮೇಲೆ. ನಿಮ್ಮ ಬಸ್ಸು ತಡವಾದರೆ ಇರಲಿ ಎಂದು ಕಂಪ್ಯೂಟರ್ ಚಾಲೂ ಮಾಡುವುದನ್ನು ನೀವೇ ನನಗೆ ಕಲಿಸಿದ್ದಿರಿ. ನೀವು ಬಾರದ ದಿನ, ಮಧ್ಯಾಹ್ನ ಟೀಚರುಗಳು ಊಟಕ್ಕೆ ಕೂತಾಗ, ಪುಸ್ತಕದ ಮಕ್ಕಳನ್ನು ಹಿಂದಿನ ಜಗಲಿಯಿಂದ ಒಳಗೆ ಬಿಟ್ಟೆ. ಬಾಯಿ ಬಿಟ್ಟರೆ ಜಾಗ್ರತೆ ಎಂದೆ. ಆಗ ಅವರು ನನ್ನನ್ನು ನೋಡಿದ ರೀತಿ — ಹೆಡ್‌ಮಾಸ್ಟರನ್ನೂ ಯಾರೂ ಹಾಗೆ ನೋಡಿದ್ದಿಲ್ಲ. ಅದು ನನಗೆ ರುಚಿಸಿತು. ಆ ರುಚಿಗೇ ಮತ್ತೆ ಮತ್ತೆ ತೆಗೆದೆ.

ಪರೀಕ್ಷೆ ಆಯಿತು. ಎರಡೂ ಗುಂಪಿನ ಮಾರ್ಕು ಸಮ ಬಂತು.

ನೀವು ನಿಮ್ಮ ಸರ್ ಜೊತೆ ಬಂದಿರಿ. ಅವರು ಆಫೀಸಿನಲ್ಲಿ ಕೂತಿದ್ದರು. ನೀವು ಜಗಲಿಗೆ ಬಂದು ನನ್ನ ಕೈ ಹಿಡಿದಿರಿ.

"ಕಮಲಕ್ಕ, ಯಾರಾದ್ರೂ ಒಳಗೆ ಹೋಗಿದ್ರಾ? ನಾನು ಬೈಯುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಹೋಗಿದ್ರೆ ಇದನ್ನು ಬಿಟ್ಟು ಬೇರೆ ಶಾಲೆಯಲ್ಲಿ ಇನ್ನೊಮ್ಮೆ ಮಾಡ್ತೇನೆ. ಅಷ್ಟೇ."

"ನಾನಿರುವಾಗ ಯಾರು ಹೋಗ್ತಾರೆ ಬಾಯಿ?"

ಕೆಲಸ ಹೋದೀತೆಂಬ ಹೆದರಿಕೆ ಇತ್ತು, ಹೌದು. ಆದರೆ ನೀವು ಹೇಳಿದ ಹಾಗೆಯೇ ನಡೆದುಕೊಳ್ಳುವವರು ಎಂದೂ ಆ ಹೊತ್ತಿಗೆ ನನಗೆ ಗೊತ್ತಿತ್ತು. ಗೊತ್ತಿದ್ದೂ —

ನೀವು ಒಳಗೆ ಹೋಗಿ, "ಕಮಲಕ್ಕ ಸುಳ್ಳು ಹೇಳುವವರಲ್ಲ ಸರ್" ಎಂದಿರಿ. ಕಿಟಕಿಯ ಹತ್ತಿರ ನಿಂತು ಕೇಳಿದೆ. ಅವರು ನಕ್ಕರು. "ಹಾಗಾದ್ರೆ ಈ ಮಕ್ಕಳಿಗೆ ಪುಸ್ತಕವೇ ಧಾರಾಳ ಆಯ್ತು. ನಿಮ್ಮ ಚಿತ್ರದಿಂದ ಎಂತ ಪ್ರಯೋಜನವೂ ಇಲ್ಲ ಅಂತ ಆಯ್ತಲ್ಲ?"

ಮರುದಿನ ನೀವು ಒಬ್ಬರೇ ಬಂದಿರಿ. ಪುಸ್ತಕದ ಮಕ್ಕಳನ್ನು ಕರೆದಿರಿ. "ತೋರಿಸ್ತೇನೆ ಅಂತ ಹೇಳಿದ್ದೆ ಅಲ್ವಾ, ಬನ್ನಿ" ಎಂದು ಒಬ್ಬೊಬ್ಬರನ್ನೇ ಕೂರಿಸಿ ಪಾಠ ತೋರಿಸಿದಿರಿ. ಅತ್ತು ಕೆಂಪಾದ ಕಣ್ಣು ನಿಮ್ಮದು. ಮಕ್ಕಳು ಮೊದಲ ಸಲ ನೋಡುವವರ ಹಾಗೆ "ಅಬ್ಬಾ" ಎಂದರು. ನಾನು ಹೆದರಿಸಿಟ್ಟಿದ್ದೆನಲ್ಲ. ನೆಲ ಒರೆಸುತ್ತಾ ಅದನ್ನೂ ನೋಡಿದೆ. ಕೋಲು ಕೆಳಗಿಟ್ಟು ಒಂದು ಮಾತು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಹೇಳಲಿಲ್ಲ.

ಮತ್ತೆ ಟೆಂಪೋ ಬಂತು. ಕಂಪ್ಯೂಟರುಗಳೆಲ್ಲ ಪೇಟೆಯ ಯಾವುದೋ ಶಾಲೆಗೆ ಹೋದವು. ರೇಣವ್ವ ಕೇಳಿದಳು, "ಆಯಿ, ನಾವು ಕದ್ದು ನೋಡಿದ್ದಕ್ಕ ಒಯ್ದರೇನು?"

"ಬಾಯಿ ಮುಚ್ಚು" ಎಂದೆ. ಆ ಮೇಲೆ ಅವಳು ನನ್ನನ್ನು ಆಯಿ ಎಂದು ಕರೆಯಲಿಲ್ಲ. ಕಟ್ಟಡದ ಕೆಲಸ ಮುಗಿದು ಅವರು ಎಲ್ಲಿಗೆ ಹೋದರೋ.

ವರ್ಷಗಳ ಮೇಲೆ ನೀವು ಕಾಪುವಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಿರಿ. ನೀವೇ ಗುರುತು ಹಿಡಿದು ಮಾತಾಡಿಸಿದಿರಿ. ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಕಾರ್ಕಳದಲ್ಲಿ ಸೊಸೈಟಿಯ ಕೆಲಸಕ್ಕೆ ಸೇರಿದ್ದೇನೆ ಎಂದಿರಿ. "ನನ್ನ ಪಾಠದಲ್ಲಿಯೇ ಎಂತದೋ ತಪ್ಪಿತ್ತು ಕಮಲಕ್ಕ. ಎಲ್ಲಿ ಅಂತ ಈಗಲೂ ಹುಡುಕ್ತೇನೆ. ಮತ್ತೆ ಚಿತ್ರ ಮಾಡ್ಲಿಕ್ಕೆ ಕೈ ಬರ್ಲೇ ಇಲ್ಲ ನೋಡಿ" ಎಂದು ನಕ್ಕಿರಿ. ನನಗೆ ಬಾಳೆಹಣ್ಣು ತೆಗೆದುಕೊಟ್ಟಿರಿ. ನಾನು ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದೆ. ಅದು ನನ್ನ ಊರಿನ ಬಸ್ಸೇ ಅಲ್ಲ.

ಇನ್ನು ಹುಡುಕಬೇಡಿ ಬಾಯಿ. ಪಾಠದಲ್ಲಿ ತಪ್ಪಿರಲಿಲ್ಲ. ಪುಸ್ತಕದ ಮಕ್ಕಳು ಪರೀಕ್ಷೆಯಲ್ಲಿ ಬರೆದದ್ದೂ ನಿಮ್ಮ ಚಿತ್ರ ನೋಡಿ ಕಲಿತದ್ದನ್ನೇ. ಮಾರ್ಕು ಸಮ ಬಂದದ್ದು ಅದಕ್ಕೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದಿಲ್ಲ. ನಿಮ್ಮ ಸರ್ ಎಲ್ಲಿದ್ದರೂ ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗಿ, ಅವರ ಎದುರು ನಿಂತು ಹೇಳುತ್ತೇನೆ. ಈಗ ಹೇಳಿ ಆಗುವುದೇನು — ಆ ಶಾಲೆಗೆ ಕಂಪ್ಯೂಟರ್ ಬರುವುದಿಲ್ಲ, ನಿಮ್ಮ ವರ್ಷಗಳೂ ಬರುವುದಿಲ್ಲ. ಆದರೂ ನಿಮ್ಮ ಕೈಯಲ್ಲಿ ತಪ್ಪಿರಲಿಲ್ಲ ಎಂಬುದು, ನಾನು ಸಾಯುವ ಮೊದಲು, ನಿಮಗೆ ಗೊತ್ತಿರಬೇಕು.