ತಳಿ ಬರೆಯುವ ಜಾಗ

ನನ್ನ ಅಮ್ಮ ಹೊಳೆನರಸೀಪುರದವಳು, ಅಪ್ಪ ಇಲ್ಲಿಗೆ ಓದಲು ಬಂದಿದ್ದ ಆಫ್ರಿಕಾದವನು. ನನ್ನಂಥವರನ್ನು ನಮ್ಮ ಕಡೆ ಬೆರಕೆ ಅನ್ನುತ್ತಾರೆ. ಹಾಸನದಲ್ಲಿ ಓದಿಕೊಂಡವರು ಮಿಕ್ಸ್ ಅನ್ನುತ್ತಾರೆ; ಅವರ ಓದು ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ.

ಅರಕಲಗೂಡಿನಲ್ಲಿ ನಾನು ದನದ ಡಾಕ್ಟರು. ಹೋದ ವರ್ಷ ಶುಂಠಿ ಬೆಳೆಯುವ ಯಜಮಾನರೊಬ್ಬರು ಹಸುವಿಗೆ ಜ್ವರವೆಂದು ಕರೆಸಿದ್ದರು. ಕಪ್ಪು ಬಿಳುಪಿನ, ಎತ್ತರದ ಸೀಮೆ ಹಸು.

"ಇದ್ರ ಅವ್ವ ನಮ್ಮ ನಾಟಿ ಹಸ, ಅಪ್ಪ ಹಾಲೆಂಡ್ ಗೂಳಿ ಕಣಮ್ಮಾ," ಎಂದು ಯಜಮಾನರು ಎದೆಯುಬ್ಬಿಸಿದರು, ತಾವೇ ಹೋಗಿ ಸಂಬಂಧ ಕುದುರಿಸಿ ಬಂದವರ ಹಾಗೆ. ಹಾಲೆಂಡ್ ಎಲ್ಲಿದೆಯೆಂದು ಕೇಳಿದ್ದರೆ ಸಕಲೇಶಪುರದ ಆಚೆಗೆ ಕೈ ತೋರಿಸುತ್ತಿದ್ದರೇನೋ. ಆಮೇಲೆ ನನ್ನ ಗುಂಗುರು ಕೂದಲನ್ನೇ ನೋಡುತ್ತ ಕೇಳಿದರು: "ತಮ್ದು ಯಾವೂರು ಡಾಕ್ಟ್ರಮ್ಮಾ?"

"ಹೊಳೆನರಸೀಪುರ."

"ಅದಲ್ಲ. ಮೂಲ?"

ಅಪ್ಪನ ಊರನ್ನೂ ಹೇಳಿದೆ.

"ಓ, ಬೆರಕೆ ಅನ್ನಿ," ಎಂದರು, ಕಾಯಿಲೆ ಪತ್ತೆ ಹಚ್ಚಿದವರು ತಾವೇ ಎಂಬಂಥ ಸಮಾಧಾನದಲ್ಲಿ.

ನಾನು ಇಂಜೆಕ್ಷನ್ ಕೊಟ್ಟು, ಕೈ ತೊಳೆದುಕೊಂಡು, ಹಸುವಿನ ಆರೋಗ್ಯದ ಕಾರ್ಡು ತೆಗೆದೆ. ತಳಿ ಎಂದಿದ್ದ ಕಡೆ ದಪ್ಪ ಅಕ್ಷರದಲ್ಲಿ 'ಬೆರಕೆ' ಎಂದು ಬರೆದು ಅವರ ಕೈಗೆ ಕೊಟ್ಟೆ.

ಓದಿದ ಯಜಮಾನರ ಮುಖ ಹರಳೆಣ್ಣೆ ಕುಡಿದಂತಾಯಿತು.

"ಅಂಗೆಲ್ಲ ಬರೀಬಾರ್ದು ಕಣಮ್ಮಾ. ಇಲ್ಲೇ ಉಟ್ಟಿ, ಇಲ್ಲೀ ನೀರು ಕುಡ್ದು ಬೆಳ್ದೈತೆ. ನಮ್ಮನೆ ಮಗಳಿದ್ದಂಗೆ. ಅದ್ಕೂ ಒಂದು ಮರ್ವಾದೆ ಬ್ಯಾಡ್ವಾ?"