ಸತ್ತ ಲೈನಿನ ಮೇಲೆ ಮಗಳು

ಲೈನ್ ಅನ್ನುವ ಮಾತಿಗೆ ಮೂಲ ಅಗಸೆಯ ನಾರಂತೆ. ಎಂದೋ ಒಂದು ಕಾಲದಲ್ಲಿ, ದೂರದ ಸೀಮೆಯಲ್ಲಿ ಆ ನಾರು ಹೊಸೆದು ಮಾಡಿದ ದಾರಕ್ಕೆ ಆ ಹೆಸರು. ದಾರ ಎಳೆದು ಗೋಡೆಗೆ ನೇರ ನೋಡಿದರು, ಗೆರೆಯಾಯಿತು. ಗೆರೆ ಹಿಡಿದು ಜನ ನಿಂತರು, ಸಾಲಾಯಿತು. ಕರೆಂಟು ಬಂದಾಗ ತಂತಿಗೂ ಅದೇ ಹೆಸರು.

ಲೈನ್‌ಮನ್ ಕಂಬದಣ್ಣನಿಗೆ ಇದನ್ನು ಹೇಳಿದವಳು ಅವನ ಮಗಳು. ಕೇಳಿ ಅವನು ನಕ್ಕ.

"ನಿಮ್ಮಮ್ಮ ಕೊಡ ಹಿಡ್ಕೊಂಡು ನಲ್ಲಿ ಲೈನಲ್ಲಿ ನಿಲ್ತಿದ್ಲು. ನಾನು ಕಂಬದ ಮೇಲಿಂದ ಲೈನ್ ಹೊಡೀತಿದ್ದೆ. ನಿನ್ನ ದಾರದ ಕಥೆ ಗೊತ್ತಿಲ್ಲ ಕಣೇ, ಗಂಟು ಬಿದ್ದಿದ್ದು ಮಾತ್ರ ಗೊತ್ತು."

ತಂತಿ ಕಟ್ಟುತ್ತಲೇ ತಲೆ ನರೆತವನು ಅವನು. ಈಗ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಮಗಳಿಗೂ ಅದೇ ಕೆಲಸ ಸಿಕ್ಕಿತ್ತು. ಅಂದು ಅವಳು ಕಂಬದ ಮೇಲೆ, ಅವನು ಕೆಳಗೆ.

ಕರೆಂಟು ತೆಗೆದು ಫೋನಿನಲ್ಲಿ "ಲೈನ್ ಕ್ಲಿಯರ್ ಭಾವ" ಎಂದವನು ಕರೆಂಟ್ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ, ಕಂಬದಣ್ಣನ ಹೆಂಡತಿಯ ತಮ್ಮ. ಆದರೂ ಮಗಳು ಕೆಲಸಕ್ಕೆ ಕೈ ಹಾಕದೆ, ತಪ್ಪಿ ಕರೆಂಟು ಬಂದರೂ ಮಣ್ಣಿಗೆ ಹರಿದುಹೋಗುವಂತೆ ತಂತಿಯನ್ನು ನೆಲಕ್ಕೆ ಬೆಸೆಯುವ ಸರಪಳಿಯನ್ನು ಉದ್ದನೆಯ ಕೋಲಿಗೆ ಸಿಕ್ಕಿಸುತ್ತಿದ್ದಳು.

"ಸೋದರಮಾವನ ಮಾತೂ ನಂಬಲ್ವೇನೇ? ಬೇಗ ಮುಗಿಸು, ಬೀದಿಯೆಲ್ಲ ಕತ್ತಲಾಗಿದೆ!"

"ಮಾವನ್ನ ನಂಬ್ತೀನಪ್ಪ. ತಂತೀನ ನಂಬಲ್ಲ."

"ಬಾಯಿಗೇನೂ ಬರವಿಲ್ಲ. ಬಿಡು ಅದನ್ನ!"

ಅವಳು ಇನ್ನೊಂದು ಹೆಜ್ಜೆ ಮೇಲೇರಿದಳು. ಮರದ ಕೊಂಬೆ ಅಡ್ಡ ಬಂದು ಅವಳ ಬೂಟು ಮಾತ್ರ ಕಾಣುತ್ತಿತ್ತು.

ಆಗ ಬೀದಿಯ ಕೊನೆಯ ಹಿಟ್ಟಿನ ಗಿರಣಿಯಲ್ಲಿ ಜನರೇಟರು ಗುಡುಗಿತು. ಕಂಬದಣ್ಣ ಥಟ್ಟನೆ ಅತ್ತ ತಿರುಗಿದ. ಗಿರಣಿಯ ಕರೆಂಟು ಹೊರಗಿನ ತಂತಿಗೆ ಹರಿಯದಂತೆ ತಡೆಯುವ ಸ್ವಿಚ್ಚು ಹಾಕಿಸು ಎಂದರೆ, ಗಿರಣಿಯವನು ನಾಳೆ ನಾಳೆ ಎನ್ನುತ್ತ ದಿನ ದೂಡಿದ್ದ. ಸತ್ತ ಲೈನಿಗೆ ಈಗ ಹಿಂದಿನಿಂದ ಜೀವ ಬರುತ್ತಿದೆ.

"ಮುಟ್ಬೇಡ! ಮಗಳೇ, ಮುಟ್ಬೇಡ!"

ಗಾಳಿ ಕೂಗನ್ನು ಕಿತ್ತುಕೊಂಡು ಹೋಯಿತು. ಸರಪಳಿ ಹಾಕಿದಳೋ, ಅಪ್ಪನ ಮಾತಿಗೆ ಬಿಟ್ಟಳೋ? ಜೀವಮಾನದಲ್ಲೇ ಮೊದಲ ಸಲ ಅವನು, ಮಗಳು ತನ್ನ ಮಾತು ಕೇಳದಿರಲಿ ಎಂದು ಬೇಡಿಕೊಂಡ.

ಮೇಲೆ ಫಟ್ ಎಂದಿತು. ನೀಲಿ ಕಿಡಿ ಹಾರಿತು. ಗಿರಣಿಯ ಜನರೇಟರು ಕೆಮ್ಮಿ ನಿಂತುಹೋಯಿತು.

ಬೂಟು ಅಲುಗಲಿಲ್ಲ. ಕಂಬದಣ್ಣ ಕಂಬದ ಬುಡಕ್ಕೆ ಓಡಿದ.

"ಅಪ್ಪ..." ಮೇಲಿನಿಂದ ಧ್ವನಿ ಬಂತು. "ಸರಪಳಿ ಹಿಡ್ಕೊಂಡಿದೆ. ನಾನು ತಂತಿ ಮುಟ್ಟಿಲ್ಲ."

ಅವನು ಕಂಬವನ್ನು ತಬ್ಬಿಕೊಂಡು ಕುಸಿದ. ಇಳಿದು ಬಂದ ಮಗಳು ಅವನ ಭುಜ ಹಿಡಿದು ಎಬ್ಬಿಸಿದಳು.

"ಗಿರಣಿಗೆ ಹೋಗಿ ಆ ವೈರನ್ನೇ ಬಿಚ್ಚಿಸೋಣ. ಆಮೇಲೆ ಕಂಬ ಹತ್ತಿ ತಂತಿ ಕಟ್ತೀನಿ."

"ಇವತ್ತು ಬೇಡ ತಾಯಿ."

"ಇವತ್ತು ಹತ್ತದಿದ್ರೆ ನಾಳೆ ಕಾಲು ಏಳಲ್ಲ ಅಪ್ಪ."

ಗಿರಣಿಯ ವೈರು ಬಿಚ್ಚಿಸಿ ಬಂದ ಮೇಲೆ ಅವಳು ಮತ್ತೆ ಹತ್ತಿದಳು. ಸರಪಳಿ ನೋಡಿ, ತಂತಿ ಕಟ್ಟಲು ಎಷ್ಟು ಹೊತ್ತು ಹಿಡಿದರೂ ಕಂಬದಣ್ಣ ಬೇಗ ಎನ್ನಲಿಲ್ಲ.