ಎಡೆ ಇಡದ ಬಟ್ಟಲು

ಗೋ ಸ್ಯೂ ಲಾನ್ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ದೆವ್ವಗಳಲ್ಲಿ ಅವಳಿಗೆ ನಂಬಿಕೆಯಿರಲಿಲ್ಲ. ಆದರೂ ಚೀನೀ ಪಂಚಾಂಗದ ಏಳನೆಯ ತಿಂಗಳಲ್ಲಿ, ಸತ್ತವರು ಮನೆಗೆ ಬರುತ್ತಾರೆನ್ನುವ ದಿನಗಳಲ್ಲಿ, ಕ್ಲೆಮೆಂಟಿ ಬಡಾವಣೆಯ ತನ್ನ ಫ್ಲ್ಯಾಟಿನಲ್ಲಿ ತಾಯಿಗೆ ಎಡೆ ಇಡುವುದನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ.

ತಮ್ಮ ಬೂನ್ ಟೆಕ್ ಕ್ರೈಸ್ತನಾಗಿದ್ದ. ೨೦೦೩ರಲ್ಲಿ ತಾಯಿಯ ಶವದ ಮುಂದೆ ಊದುಕಡ್ಡಿ ಹಿಡಿಯಲೊಪ್ಪದೆ ಕೈಕಟ್ಟಿ ನಿಂತ. ಮತ್ತೆ ನನ್ನ ಹೊಸ್ತಿಲು ತುಳಿಯಬೇಡ ಎಂದು ಅಕ್ಕ ನೆಂಟರೆದುರೇ ಹೇಳಿದಳು. ಅವನು ತುಳಿಯಲಿಲ್ಲ. ಅವನಿದ್ದ ಬುಕಿತ್ ಪಂಜಾಂಗ್ ಅದೇ ಊರಿನ ಇನ್ನೊಂದು ಬಡಾವಣೆ, ಅಷ್ಟೇನೂ ದೂರವಲ್ಲ.

೨೦೧೪ರಲ್ಲಿ ಎಡೆಯಿಟ್ಟ ಭಾನುವಾರ ಮಧ್ಯಾಹ್ನ ಅವಳು ವಾಡಿಕೆಯಂತೆ ಎರಡು ನಾಣ್ಯ ಚಿಮ್ಮಿ, ಊಟವಾಯಿತೇ ಎಂದು ತಾಯಿಯನ್ನು ಕೇಳಿದಳು. ನಾಣ್ಯಗಳು ಬೇರೆ ಬೇರೆ ಮುಖ ತೋರಿದರೆ ಆಯಿತೆಂದರ್ಥ. ಒಂದೇ ಮುಖವಾದರೆ ಇನ್ನೂ ಇಲ್ಲ. ಸತತ ಆರು ಸಲ ಇಲ್ಲವೆಂದೇ ಬಂತು. ಅರವತ್ತನಾಲ್ಕರಲ್ಲಿ ಒಂದು ಸಂಭವ ಎಂದು ಅವಳೊಳಗಿನ ಟೀಚರ್ ಕೂಡಲೇ ಲೆಕ್ಕ ಹಾಕಿದಳು. ಇದೇ ಬ್ಲಾಕಿನಲ್ಲಿ ನೂರು ಮನೆಗಳಿವೆ. ಯಾರದೋ ಮನೆಯಲ್ಲಿ ಹೀಗಾದರೆ ಅಚ್ಚರಿಯಿಲ್ಲ.

ಒಂದು ಕೋಣೆಯಲ್ಲಿ ಬಾಡಿಗೆಗಿದ್ದ ಉಡುಪಿಯ ವಿಮಲಾ ಇದನ್ನು ನೋಡುತ್ತಿದ್ದಳು.

"ಆಂಟಿ, ನಮ್ಮಲ್ಲಿ ಕಾಗೆ ಪಿಂಡ ಮುಟ್ಟದಿದ್ರೆ, ಹೋದವರಿಗೆ ಯಾರ ಚಿಂತೆ ಉಳಿದಿದೆ ಅಂತ ಕೇಳ್ತಾರೆ."

"ಕೇಳಿದ್ರೆ ಕಾಗೆ ಬರುತ್ತಾ?"

"ಹಸಿವಾದ್ರೆ ಬರುತ್ತೆ, ಆಂಟಿ."

ಸ್ಯೂ ಲಾನ್ ನಗಲಿಲ್ಲ. ತಾಯಿಗೆ ಯಾರ ಚಿಂತೆಯಿತ್ತೆಂದು ಅವಳಿಗೆ ಗೊತ್ತಿತ್ತು. ತಮ್ಮನಿಗೆ ಫೋನ್ ಮಾಡಿ, ಅಮ್ಮ ಊಟ ಮುಗಿಸುತ್ತಿಲ್ಲ, ಬಾ ಎಂದಷ್ಟೇ ಹೇಳಿದಳು. ಊದುಕಡ್ಡಿ ಹಿಡಿಯಲಾರೆನೆಂದು ಅವನು ನೆನಪಿಸಿದ. ಹಿಡಿಯೆಂದು ಯಾರು ಹೇಳಿದರು ಎಂದು ಇವಳು ಕೇಳಿದಳು.

ಫೋನಿಟ್ಟು ಮತ್ತೊಮ್ಮೆ ನಾಣ್ಯ ಚಿಮ್ಮಿದರೆ, ಊಟವಾಯಿತೆಂಬ ಉತ್ತರ ಬಂತು. ಕರೆಯಲು ಇದ್ದ ಕಾರಣ ಅಲ್ಲಿಗೆ ಮುಗಿದಿತ್ತು. ತಮ್ಮ ಇನ್ನೂ ಮನೆ ಬಿಟ್ಟಿರಲಿಕ್ಕಿಲ್ಲ. ಬರಬೇಡವೆನ್ನಲು ಸಮಯವೂ ಇತ್ತು. ಅವಳು ಕೆಲಹೊತ್ತು ಫೋನನ್ನೇ ನೋಡಿದಳು. ಬಳಿಕ ಎದ್ದು ಒಲೆ ಹಚ್ಚಿದಳು. ಎಡೆಯಲ್ಲಿಟ್ಟದ್ದನ್ನು ತಿನ್ನಲು ಅವನ ಧರ್ಮ ಒಪ್ಪದು. ಬೇರೆಯೇ ನೂಡಲ್ಸ್ ಬೇಯಿಸಬೇಕಿತ್ತು.

ಅವನು ಬಂದಾಗ ತಲೆ ಪೂರ್ತಿ ನರೆತಿತ್ತು. ತಾಯಿಯ ಪಟದ ಮುಂದೆ ಸುಮ್ಮನೆ ನಿಂತ. ಅವಳು ಅಡುಗೆಮನೆಯ ಮೇಜಿನ ಮೇಲೆ ಬಟ್ಟಲಿಟ್ಟು ಕರೆದಳು.

"ಇದು ಅಮ್ಮನ ಮುಂದೆ ಇಟ್ಟದ್ದಲ್ಲ. ಕೂತ್ಕೋ."

ಅವನು ಕೂತು ಒಂದು ತುತ್ತು ತಿಂದ.

"ಟೀಚರಮ್ಮನ ಕೈಯಲ್ಲಿ ಇನ್ನೂ ಉಪ್ಪು ಜಾಸ್ತಿನೇ, ಅಕ್ಕ."

ಅವಳು ಒಂದು ಸೌಟು ಬಿಸಿನೀರು ತಂದು ಅವನ ಬಟ್ಟಲಿಗೆ ಸುರಿದಳು.